ನಮ್ಮೂರಿನ ಪರವಾಗಿ ಜಗಳಾಡಿ ಬ್ಲಾಕ್ ಆದ ಕಥೆ

ಆ ಮಧ್ಯಾಹ್ನ ಜಿಲ್ಲಾ ಗ್ರಂಥಾಲಯದ ಉದ್ದನೆಯ ಮೇಜಿನ ಸುತ್ತ ನಾವು ಆರು ಮಂದಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾ ಕುಳಿತಿದ್ದೆವು. ಗೆಳತಿ ತನ್ನ ನೋಟ್ಸ್ ನನ್ನ ಮುಂದೆ ತಳ್ಳಿ, ‘ನಿಮ್ಮೂರಿಗೆ ಆ ಹೆಸರು ಬಂದಿದ್ದು ಹೀಗಂತೆ, ಹೌದೇನೇ?’ ಅಂದಳು. ಓದಿದೆ. ಒಬ್ಬ ಪಾಳೇಗಾರ, ಅವನ ಕುದುರೆ, ಆ ಕುದುರೆ ಎಡವಿ ಬಿದ್ದ ಜಾಗ ಎಂದೆಲ್ಲ ಇತ್ತು. ನಮ್ಮಜ್ಜಿ ಹೇಳುತ್ತಿದ್ದದ್ದು ಕೆರೆ ಕಟ್ಟಿಸಿದ ಹೆಣ್ಣುಮಗಳೊಬ್ಬಳ ಕಥೆ. ಅವಳ ಸುಳಿವೇ ಅಲ್ಲಿ ಇಲ್ಲ. ‘ಎಲ್ಲಿ ಸಿಕ್ತು ಇದು?’ ಅಂದರೆ, ‘ಇಂಗ್ಲಿಷ್ ವಿಕಿಪೀಡಿಯದಲ್ಲೇ ಇದೆ ಕಣೇ, ನಾವೆಲ್ಲ ಬರ್ಕೊಂಡಿದೀವಿ’ ಅಂದಳು.

ಮೊಬೈಲ್ ತೆಗೆದೆ. ಯಾರು ಬೇಕಾದರೂ ತಿದ್ದಬಹುದು ಎಂದು ಕೇಳಿದ್ದೆ. ಒಂದು ಖಾತೆ ತೆರೆದು, ಆ ಎರಡು ಸಾಲು ಅಳಿಸಿ, ಅಜ್ಜಿಯ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಸೇರಿಸಿದೆ. ಊರಿನ ಋಣ ತೀರಿಸಿದಷ್ಟು ಸಂತೋಷವಾಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಕುದುರೆ ಮತ್ತೆ ಅಲ್ಲೇ ಬಿದ್ದಿತ್ತು. ಯಾರೋ ನನ್ನದನ್ನು ತೆಗೆದು ಹಳೆಯದನ್ನು ವಾಪಸ್ ಹಾಕಿದ್ದರು. ನಾನೂ ಹಾಕಿದೆ. ಅವರು ತೆಗೆದರು. ಹೀಗೆ ಮೂರು ಸಲ ನಡೆಯಿತು. ಆಮೇಲೆ ಅವರು ಸುಮ್ಮನಾದರು, ಇನ್ನೊಬ್ಬರು ಬಂದು ತೆಗೆದರು. ನಾಲ್ಕನೇ ಸಲ ಹಾಕುವಾಗ ಜೊತೆಗೆ ಬರೆಯುವ ಷರಾದಲ್ಲಿ ‘ನೀವು ಕಿಡಿಗೇಡಿಗಳು’ ಎಂದು ದಪ್ಪ ಅಕ್ಷರದ ಇಂಗ್ಲಿಷಿನಲ್ಲಿ ಬೈದೆ. ರಾತ್ರಿ ಊಟ ಮುಗಿಸಿ ನೋಡಿದರೆ, ನನ್ನನ್ನು 24 ಗಂಟೆ ಬ್ಲಾಕ್ ಮಾಡಲಾಗಿತ್ತು.

ಹುಟ್ಟಿ ಬೆಳೆದವಳು ನಾನು. ಊರನ್ನು ಕಂಡೇ ಇರದ ಯಾರೋ ಹೇಳಿದ್ದು ನಿಜ, ನಾನು ಹೇಳಿದ್ದು ತಪ್ಪು! ಅವತ್ತು ನಿದ್ದೆ ಬರಲಿಲ್ಲ. ಆದರೆ ಬ್ಲಾಕ್ ಆದ ಆ 24 ಗಂಟೆಯಲ್ಲಿ ನಾನು ಬೇರೇನೂ ಮಾಡಲಾಗದೆ ಅಲ್ಲಿಯ ನಿಯಮಗಳನ್ನು ಓದತೊಡಗಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಆ ದಿನ ಪುಟ ಕೆಡಿಸಿದವರು ಯಾರು ಎಂದು ಕೇಳಿದರೆ, ಉತ್ತರ ನಾನೇ.

ಕಿಡಿಗೇಡಿತನವೇ ಬೇರೆ, ಜಗಳವೇ ಬೇರೆ

ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಇಂಗ್ಲಿಷ್ ಆವೃತ್ತಿಯಲ್ಲಿ ಈಗ ಸುಮಾರು 70 ಲಕ್ಷ ಲೇಖನಗಳಿವೆ. ಹೆಚ್ಚಿನವನ್ನು ಯಾರು ಬೇಕಾದರೂ ತಿದ್ದಬಹುದು ಎಂದಮೇಲೆ ಕೆಡಿಸುವವರೂ ಬಂದೇ ಬರುತ್ತಾರೆ.

2022ರ ಸೆಪ್ಟೆಂಬರ್ 4 ನೆನಪಿದೆಯೇ? ದುಬೈನಲ್ಲಿ ಏಷ್ಯಾ ಕಪ್ ಪಂದ್ಯ, ಭಾರತ-ಪಾಕಿಸ್ತಾನ. ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಕೈಬಿಟ್ಟರು, ಪಂದ್ಯ ಕೈತಪ್ಪಿತು. ಆ ರಾತ್ರಿ ಲಾಗಿನ್ ಆಗದ ಯಾರೋ ಅವರ ಪುಟದಲ್ಲಿ ‘ಭಾರತ’ ಎಂದಿದ್ದ ಕಡೆ ‘ಖಲಿಸ್ತಾನ’ ಎಂದು ತಿದ್ದಿದರು. ಅದರ ಸ್ಕ್ರೀನ್‌ಶಾಟ್ ದೇಶವೆಲ್ಲ ಹರಿದಾಡಿತು. ಕೇಂದ್ರ ಸರ್ಕಾರ ವಿವರಣೆ ಕೇಳಿತು. ಆದರೆ ಪುಟ ಸರಿಹೋಗಲು ಹಿಡಿದದ್ದು ಸುಮಾರು 15 ನಿಮಿಷ. ಸ್ವಯಂಸೇವಕರು ಹಳೆಯ ಪಾಠವನ್ನು ವಾಪಸ್ ತಂದರು, ಹೊಸಬರು ತಿದ್ದದಂತೆ ಪುಟಕ್ಕೆ ಬೀಗ ಹಾಕಲಾಯಿತು. ಇಂಥ ಬೀಗ ಬಿದ್ದ ಇಂಗ್ಲಿಷ್ ಪುಟವನ್ನು ತಿದ್ದಬೇಕಾದರೆ ಖಾತೆ ತೆರೆದು ಕನಿಷ್ಠ 4 ದಿನ ಆಗಿರಬೇಕು, 10 ತಿದ್ದುಪಡಿ ಮಾಡಿರಬೇಕು. ಸಿಟ್ಟಿನಲ್ಲಿ ಬಂದವನು ಅಷ್ಟು ಹೊತ್ತು ಕಾಯುವುದಿಲ್ಲ ಎಂಬ ಸರಳ ಲೆಕ್ಕ ಇದು.

ಎಲ್ಲ ಪುಟಗಳಿಗೂ ಇಷ್ಟು ಕಾವಲು ಇರುವುದಿಲ್ಲ. ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಪುಟದಲ್ಲಿ 2005ರ ಮೇ ತಿಂಗಳಲ್ಲಿ ಯಾರೋ, ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಪಾತ್ರವಿದೆ ಎಂಬ ಶಂಕೆ ಇತ್ತು ಎಂದು ಬರೆದುಬಿಟ್ಟರು. ಅವರಾದರೋ ರಾಬರ್ಟ್ ಕೆನಡಿಯವರ ಬಳಿ ಕೆಲಸ ಮಾಡಿದ್ದವರು. ಆ ಸುಳ್ಳು ಸುಮಾರು 4 ತಿಂಗಳು ಹಾಗೇ ಇತ್ತು. ಆ ಪ್ರಕರಣ ದೊಡ್ಡ ಸುದ್ದಿಯಾದ ಮೇಲೆ, ಲಾಗಿನ್ ಆಗದೆ ಇಂಗ್ಲಿಷ್‌ನಲ್ಲಿ ಹೊಸ ಲೇಖನ ಶುರು ಮಾಡುವುದನ್ನೇ ನಿಲ್ಲಿಸಲಾಯಿತು. ಒಂದು ಪುಟಕ್ಕೆ 15 ನಿಮಿಷ, ಇನ್ನೊಂದಕ್ಕೆ 4 ತಿಂಗಳು. ನೋಡುವ ಕಣ್ಣು ಎಷ್ಟಿವೆ ಎಂಬುದೇ ವ್ಯತ್ಯಾಸ.

ಇವೆರಡೂ ನಿಜವಾದ ಕಿಡಿಗೇಡಿತನ. ಕೆಡಿಸಬೇಕೆಂದೇ ಕೆಡಿಸಿದ್ದು. ನಮ್ಮೂರಿನ ಪುಟದಲ್ಲಿ ಆದದ್ದು ಅದಲ್ಲ. ನಾನೂ ಪುಟ ಚೆನ್ನಾಗಿರಲಿ ಎಂದೇ ಬರೆದೆ, ಎದುರಿನವರೂ ಪುಟ ಚೆನ್ನಾಗಿರಲಿ ಎಂದೇ ತೆಗೆದರು. ಇದಕ್ಕೆ ಅಲ್ಲಿ ‘ವಿಷಯದ ಕುರಿತ ಭಿನ್ನಾಭಿಪ್ರಾಯ’ ಎಂದೇ ಹೆಸರು. ಒಳ್ಳೆಯ ಉದ್ದೇಶದ ತಿದ್ದುಪಡಿ ಎಷ್ಟೇ ತಪ್ಪಾಗಿರಲಿ, ಅದನ್ನು ಕಿಡಿಗೇಡಿತನ ಎನ್ನಬಾರದು ಎಂಬುದು ಅಲ್ಲಿನ ಮೊದಲ ಪಾಠ. ನಾನು ಷರಾದಲ್ಲಿ ಬರೆದ ಆ ಬೈಗುಳವೇ ನನ್ನ ಮೊದಲ ತಪ್ಪು.

ಮೂರರ ಗೆರೆ

ಎರಡನೆಯ ತಪ್ಪು ಹಟ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿಯನ್ನು ರದ್ದು ಮಾಡುವಂತಿಲ್ಲ ಎಂಬ ನಿಯಮ ಇಂಗ್ಲಿಷ್ ವಿಕಿಪೀಡಿಯದಲ್ಲಿದೆ. ನೀವು ಹೇಳುವುದು ಸರಿಯೋ ತಪ್ಪೋ ಎಂದು ಆ ನಿಯಮ ಕೇಳುವುದೇ ಇಲ್ಲ. ಎಲ್ಲರ ಕಣ್ಣಿಗೂ ಕಾಣುವ ಕಿಡಿಗೇಡಿತನವನ್ನು ಅಳಿಸುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಸಿಗುತ್ತದೆ. ಮೂರು ಸಲ ಮಾಡಲು ಹಕ್ಕಿದೆ ಎಂದೂ ಇದರ ಅರ್ಥವಲ್ಲ. ಎರಡೇ ಸಲ ಎಳೆದಾಡಿದರೂ ಜಗಳ ಜಗಳವೇ.

ಎದುರಿನವರು ಮೂರಕ್ಕೆ ನಿಲ್ಲಿಸಿ, ನನ್ನ ಚರ್ಚೆ ಪುಟದಲ್ಲಿ ಎಚ್ಚರಿಕೆ ಬರೆದು, ಆಮೇಲೆ ನಿರ್ವಾಹಕರಿಗೆ ತಿಳಿಸಿದ್ದರು. ಹಾಗೊಂದು ಚರ್ಚೆ ಪುಟ ನನಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೇಲೆ ಕೆಂಪಗೆ ಮಿನುಗುತ್ತಿದ್ದ ಗಂಟೆಯ ಚಿತ್ರವನ್ನು ಒತ್ತಿಯೂ ನೋಡಿರಲಿಲ್ಲ.

ಬ್ಲಾಕ್ ತೆಗೆಯಿರಿ ಎಂದು ಮನವಿ ಹಾಕಬಹುದು ಎಂದು ತಿಳಿದು ಹಾಕಿದೆ. ‘ಅವರೂ ಮೂರು ಸಲ ಮಾಡಿದ್ದಾರೆ, ಅವರಿಗ್ಯಾಕೆ ಇಲ್ಲ?’ ಎಂದು ಉದ್ದಕ್ಕೆ ಬರೆದೆ. ಮನವಿ ತಿರಸ್ಕೃತವಾಯಿತು. ನಿರ್ವಾಹಕರ ಉತ್ತರ ಚಿಕ್ಕದಾಗಿತ್ತು. ಬ್ಲಾಕ್ ಎಂಬುದು ಶಿಕ್ಷೆಯಲ್ಲ, ಜಗಳ ಮುಂದುವರಿಯದಂತೆ ತಡೆಯುವ ಕ್ರಮ. ಆದ್ದರಿಂದ ಬೇರೆಯವರು ಏನು ಮಾಡಿದರು ಎಂಬುದನ್ನು ಬಿಟ್ಟು, ನೀವು ಮುಂದೆ ಏನು ಮಾಡುತ್ತೀರಿ ಎಂದು ಹೇಳಿ. ಹೈಸ್ಕೂಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ‘ಅವನ ವಿಷ್ಯ ಬಿಡು, ನಿಂದು ಹೇಳು’ ಎನ್ನುತ್ತಿದ್ದದ್ದು ನೆನಪಾಯಿತು. ಬೇರೆ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಮುಂದುವರಿಸಿದರೇನು ಎಂಬ ಯೋಚನೆಯೂ ಬಂದಿತ್ತು. ಓದಿದ ಮೇಲೆ ಗೊತ್ತಾಯಿತು, ಅದು ಅಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧಗಳಲ್ಲೊಂದು. ಅದನ್ನು ಪತ್ತೆ ಮಾಡಲೆಂದೇ ವಿಶೇಷ ಅಧಿಕಾರ ಇರುವವರಿದ್ದಾರೆ. ಸದ್ಯ, ಹಾಗೆ ಮಾಡಲಿಲ್ಲ.

ಕುದುರೆ ಬಿದ್ದದ್ದು ಎಲ್ಲಿ?

ಬ್ಲಾಕ್ ಮುಗಿದ ಮೇಲೆ ಪುಟಕ್ಕೆ ಕೈ ಹಾಕದೆ, ಆ ಲೇಖನದ ಚರ್ಚೆ ಪುಟಕ್ಕೆ ಹೋದೆ. ಪ್ರತಿ ಲೇಖನಕ್ಕೂ ಹೀಗೊಂದು ಪುಟ ಇರುತ್ತದೆ. ಅದನ್ನು ತೆರೆದು ನೋಡುವವರು ಕಡಿಮೆ, ಅಷ್ಟೆ. ನಡೆದದ್ದಕ್ಕೆ ಕ್ಷಮೆ ಕೇಳಿ, ಹೆಸರಿನ ಕಥೆ ತಪ್ಪೆಂದು ಯಾಕೆ ಅನ್ನಿಸುತ್ತದೆ ಎಂದು ಬರೆದೆ. ಮರುದಿನವೇ ಉತ್ತರ ಬಂತು. ನೀವು ಹೇಳುವುದು ಸುಳ್ಳು ಎಂದು ನಾನು ಹೇಳಿಲ್ಲ, ಎಲ್ಲಿ ಅಚ್ಚಾಗಿದೆ ತಿಳಿಸಿ ಎಂದಿದ್ದರು. ‘ನಮ್ಮಜ್ಜಿ ಹೇಳಿದ್ದು’ ಎಂದೆ. ಅವರು ಸಮಾಧಾನದಿಂದಲೇ ವಿವರಿಸಿದರು. ನಾನು ನಿಮ್ಮ ಅಜ್ಜಿಯನ್ನು ನಂಬಬಹುದು, ಆದರೆ ಓದುವವರು ಪರೀಕ್ಷಿಸಿ ನೋಡುವುದು ಹೇಗೆ? ನಾಳೆ ಇನ್ನೊಬ್ಬರು ಇನ್ನೊಂದು ಅಜ್ಜಿಯ ಕಥೆ ತಂದರೆ ಯಾವುದನ್ನು ಇಟ್ಟುಕೊಳ್ಳುವುದು?

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಒಂದು ಪ್ರಶ್ನೆ ಇತ್ತು. ಹಾಗಾದರೆ ಕುದುರೆಯ ಕಥೆಗೆ ಏನು ಆಧಾರ? ಅದರ ಮುಂದೆ ಒಂದು ಪ್ರವಾಸಿ ಜಾಲತಾಣದ ಕೊಂಡಿ ಇತ್ತು. ತೆರೆದರೆ ಬರೆದವರ ಹೆಸರಿಲ್ಲ, ಪುಸ್ತಕದ ಹೆಸರಿಲ್ಲ. ವಾಕ್ಯಗಳು ಮಾತ್ರ ವಿಕಿಪೀಡಿಯದ್ದೇ, ಅಕ್ಷರ ಬದಲಾಗಿಲ್ಲ.

ಆಗ ನೆರವಿಗೆ ಬಂದದ್ದು ಪುಟದ ಮೇಲಿನ ‘ಇತಿಹಾಸ’. ನಾವು ಸೇರಬೇಕೆಂದಿರುವ ಸರ್ಕಾರಿ ಕಚೇರಿಗಳಲ್ಲಿ ಕಡತದ ಟಿಪ್ಪಣಿ ಹಾಳೆ ಇರುತ್ತದಲ್ಲ, ಹಾಗೆ ಇದು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಬರೆದರು, ಏನು ಅಳಿಸಿದರು ಎಂಬುದೆಲ್ಲ ಒಂದರ ಕೆಳಗೊಂದು ಉಳಿದಿರುತ್ತದೆ. ಎರಡು ದಿನಾಂಕ ಆರಿಸಿಕೊಂಡರೆ ಆ ನಡುವೆ ಬದಲಾದದ್ದನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಗ್ರಂಥಾಲಯದ ಒಂದು ಮೂಲೆಯಲ್ಲಿ ಕುಳಿತು ಹಿಂದೆ ಹಿಂದೆ ಹೋದೆ. ಕುದುರೆಯ ಕಥೆಯನ್ನು ವರ್ಷಗಳ ಹಿಂದೆ ಯಾರೋ ಯಾವ ಆಧಾರವೂ ಇಲ್ಲದೆ ಸೇರಿಸಿದ್ದರು. ಅದಾಗಿ ಎರಡು ವರ್ಷಕ್ಕೆ ಪ್ರವಾಸಿ ಜಾಲತಾಣ ತನ್ನ ಬರಹ ಪ್ರಕಟಿಸಿತ್ತು. ಆಮೇಲೆ ಮೂರನೆಯವರೊಬ್ಬರು ಬಂದು ಅದೇ ಜಾಲತಾಣವನ್ನು ವಿಕಿಪೀಡಿಯದ ಸಾಲಿಗೆ ಆಧಾರವಾಗಿ ಕೊಟ್ಟಿದ್ದರು. ಅಂದರೆ ಸುಳ್ಳು ತನ್ನ ಬಾಲವನ್ನೇ ಹಿಡಿದುಕೊಂಡು ಸುತ್ತುತ್ತಿತ್ತು. ಅಲ್ಲಿಂದ ನಮ್ಮ ಎಫ್‌ಡಿಎ ನೋಟ್ಸ್‌ಗೂ ಬಂದಿತ್ತು.

ದಿನಾಂಕಗಳ ಸಮೇತ ಚರ್ಚೆ ಪುಟದಲ್ಲಿ ಹಾಕಿದೆ. ಒಂದು ಬೈಗುಳವೂ ಇರಲಿಲ್ಲ. ಎದುರಿನವರು ನೋಡಿ, ‘ನೀವು ಹೇಳಿದ್ದು ಸರಿ, ನಾನು ಕೊಂಡಿ ಇದೆ ಎಂದಷ್ಟೇ ನೋಡಿದ್ದೆ’ ಎಂದು ಬರೆದು, ಕುದುರೆಯ ಸಾಲುಗಳನ್ನು ತಾವೇ ತೆಗೆದರು. ನಾನು ನಾಲ್ಕು ಸಲ ಬಲವಂತದಿಂದ ಮಾಡಲಾಗದ ಕೆಲಸ ಅದು.

ಅಲ್ಲಿಗೇ ಮುಗಿಯಲಿಲ್ಲ. ನಾನು ಗ್ರಂಥಾಲಯದಲ್ಲಿದ್ದ, ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟ ಹುಡುಕಿ, ನಮ್ಮೂರಿನ ಶಾಸನ ಕಂಡು ಕುಣಿದಾಡಿದೆ. ಅದರಲ್ಲಿ ಊರಿನ ಹೆಸರು ಈಗಿನದಕ್ಕಿಂತ ಸ್ವಲ್ಪ ಬೇರೆಯಾಗಿತ್ತು. ಅದನ್ನಿಟ್ಟುಕೊಂಡು ಹೆಸರಿನ ಅರ್ಥವನ್ನು ನಾನೇ ಬಿಡಿಸಿ ಬರೆದೆ. ಅದಕ್ಕೂ ತಡೆ ಬಂತು. ಶಾಸನ ಮೂಲ ಆಕರ, ಅದನ್ನು ಓದಿ ನಾವೇ ತೀರ್ಮಾನ ತೆಗೆಯುವುದು ಸಂಶೋಧನೆ. ಸಂಶೋಧನೆಗೆ ಬೇರೆ ಜಾಗಗಳಿವೆ, ವಿಶ್ವಕೋಶದಲ್ಲಿ ಬಲ್ಲವರು ಈಗಾಗಲೇ ಬರೆದು ಪ್ರಕಟಿಸಿದ್ದನ್ನಷ್ಟೇ ಹೇಳಬೇಕು. ಕೊನೆಗೆ ಜಿಲ್ಲಾ ಗೆಜೆಟಿಯರ್‌ನಲ್ಲಿ ಆ ಶಾಸನದ ಪ್ರಸ್ತಾಪ ಸಿಕ್ಕಿತು. ಈಗ ಪುಟದಲ್ಲಿರುವುದು ಒಂದೇ ಸಾಲು. ಶಾಸನವೊಂದರಲ್ಲಿ ಊರಿನ ಹೆಸರು ಹೀಗೆ ಬಂದಿದೆ ಎಂಬುದಷ್ಟೇ. ಕುದುರೆಯೂ ಇಲ್ಲ, ಕೆರೆ ಕಟ್ಟಿಸಿದ ಹೆಣ್ಣುಮಗಳೂ ಇಲ್ಲ.

ಮೊಸರಿಗೂ ಜಗಳ, ಲಿಪಿಗೂ ಜಗಳ

ನಮ್ಮ ಜಗಳ ಎರಡು ವಾರಕ್ಕೆ ಮುಗಿದದ್ದೇ ಪುಣ್ಯ. ಇಂಗ್ಲಿಷ್‌ನಲ್ಲಿ ಮೊಸರಿನ ಪುಟದ ಹೆಸರನ್ನು ‘ಎಚ್’ ಅಕ್ಷರ ಇಟ್ಟು ಬರೆಯಬೇಕೋ ಬಿಟ್ಟು ಬರೆಯಬೇಕೋ ಎಂದು ವರ್ಷಗಟ್ಟಲೆ ಜಗಳ ನಡೆದು, 2011ರಲ್ಲಿ ‘ಎಚ್’ ಬಿಡುವುದೆಂದು ತೀರ್ಮಾನವಾಯಿತು. ‘ಸ್ಟಾರ್ ಟ್ರೆಕ್’ ಸರಣಿಯ ಒಂದು ಸಿನಿಮಾದ ಹೆಸರಿನಲ್ಲಿ ‘ಐ’ ಅಕ್ಷರ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂಬುದಕ್ಕೆ ಚರ್ಚೆ ಪುಟದಲ್ಲಿ 40 ಸಾವಿರ ಪದಗಳಷ್ಟು ವಾದ ನಡೆದಿತ್ತು.

ನಗು ಬರುತ್ತದೆ. ಆದರೆ ನಮ್ಮವೂ ಇವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಮ್ಮ ಊರುಗಳ, ನಟರ ಪುಟ ತೆರೆದರೆ ಮೊದಲ ಪ್ಯಾರಾದಲ್ಲಿ ಹೆಸರು ಕನ್ನಡ ಲಿಪಿಯಲ್ಲಿ ಇರುವುದಿಲ್ಲ. ಇದು ಕನ್ನಡದ ಮೇಲಿನ ದ್ವೇಷ ಎಂದು ನಾನೂ ಅಂದುಕೊಂಡಿದ್ದೆ. ಗಡಿಭಾಗದ ಊರಿಗೆ ಯಾವ ಲಿಪಿ, ಎರಡು ಭಾಷೆಯ ನಟಿಗೆ ಯಾವುದು ಮೊದಲು ಎಂದು ಜಗಳ ಮುಗಿಯದೇ ಹೋದಾಗ, 2012ರಲ್ಲಿ ಚರ್ಚೆ ನಡೆಸಿ ಭಾರತದ ಯಾವ ಲಿಪಿಯೂ ಅಲ್ಲಿ ಬೇಡ ಎಂದು ಒಮ್ಮತಕ್ಕೆ ಬಂದರಂತೆ. ಹಿಂದಿಗೂ ಇಲ್ಲ, ತಮಿಳಿಗೂ ಇಲ್ಲ. 2014ರ ನವೆಂಬರ್ 1ರಂದು ಸರ್ಕಾರ ‘ಬೆಂಗಳೂರು’ ಎಂದು ಬದಲಿಸಿದ ಮೇಲೂ ಅಲ್ಲಿಯ ಪುಟ ಹಲವು ವರ್ಷ ‘ಬ್ಯಾಂಗಲೋರ್’ ಎಂದೇ ಇತ್ತು. ಅಧಿಕೃತ ಹೆಸರಿಗಿಂತ, ಇಂಗ್ಲಿಷ್ ಬರಹಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರನ್ನು ಇಡುವುದು ಅಲ್ಲಿಯ ಪದ್ಧತಿ. ಜಾತಿ, ಸಮುದಾಯಗಳ ಪುಟಗಳಲ್ಲಂತೂ ‘ನಮ್ಮವರು ರಾಜವಂಶದವರು’ ಎಂದು ತಿದ್ದುವವರ ಕಾಟ ಎಷ್ಟಿತ್ತೆಂದರೆ, 2012ರಿಂದಲೇ ಅವಕ್ಕೆ ವಿಶೇಷ ಕಟ್ಟುನಿಟ್ಟಿನ ನಿಯಮಗಳಿವೆ. ಈ ತೀರ್ಮಾನಗಳನ್ನು ನಾವು ಒಪ್ಪದೇ ಇರಬಹುದು. ಆದರೆ ಕಾರಣ ಏನೆಂಬುದು ಎಲ್ಲರೂ ಓದುವಂತೆ ಚರ್ಚೆಗಳಲ್ಲಿ ಇದೆ.

ಇಬ್ಬರಲ್ಲಿ ಮಾತು ಮುಗಿಯದಿದ್ದರೆ ಮುಂದೇನು? ಸಂಬಂಧವಿಲ್ಲದ ಮೂರನೆಯವರ ಅಭಿಪ್ರಾಯ ಕೇಳಬಹುದು. ಅದೂ ಸಾಲದಿದ್ದರೆ ಎಲ್ಲ ಸಂಪಾದಕರಿಗೂ ಕರೆ ಕೊಟ್ಟು ಸಾಮಾನ್ಯವಾಗಿ 30 ದಿನ ಅಭಿಪ್ರಾಯ ಪಡೆಯಬಹುದು. ಅಲ್ಲಿ ತಲೆ ಎಣಿಸುವುದಿಲ್ಲ, ಯಾರ ಕಾರಣ ಗಟ್ಟಿ ಎಂದು ನೋಡುತ್ತಾರೆ. ಹತ್ತು ಗೆಳೆಯರನ್ನು ಕರೆತಂದು ‘ಹೌದು ಹೌದು’ ಎನ್ನಿಸಿದರೆ ಕೆಲಸ ಕೆಡುತ್ತದೆಯೇ ಹೊರತು ಆಗುವುದಿಲ್ಲ. ಎಲ್ಲಕ್ಕಿಂತ ಮೇಲೆ, ಸಂಪಾದಕರೇ ಆರಿಸುವ ಪಂಚಾಯ್ತಿ ಸಮಿತಿಯೊಂದಿದೆ. ಅದು ಕೂಡ ನಡತೆಯ ಬಗ್ಗೆ ತೀರ್ಪು ಕೊಡುತ್ತದೆ. ಮೊಸರಿಗೆ ‘ಎಚ್’ ಬೇಕೇ ಎಂದು ಹೇಳುವುದಿಲ್ಲ.

ಅರಳಿ ಕಟ್ಟೆಯಲ್ಲಿ ಜನ ಕಡಿಮೆ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಲೇಖನಗಳು 30 ಸಾವಿರ ದಾಟಿವೆ. ಅಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಹೆಸರು ನೋಡಿಯೇ ನನಗೆ ಇಷ್ಟವಾಯಿತು. ಆದರೆ ಕಟ್ಟೆಯ ಮೇಲೆ ಕುಳಿತವರು ಕಡಿಮೆ. ಇಂಗ್ಲಿಷ್‌ನಲ್ಲಿ ಒಬ್ಬ ಕೆಡಿಸಿದರೆ ಸರಿಮಾಡಲು ಹತ್ತು ಕೈ ಬರುತ್ತವೆ. ಇಲ್ಲಿ ತಪ್ಪು ಸೇರಿದರೆ ಯಾರ ಕಣ್ಣಿಗೂ ಬೀಳದೆ ಉಳಿಯುವ ಭಯ ಹೆಚ್ಚು.

ಇದು ಬರೀ ಭಯವಲ್ಲ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ಒಳ್ಳೆಯ ಉದ್ದೇಶದಿಂದಲೇ ಸಾವಿರಾರು ಲೇಖನ ಬರೆದುಬಿಟ್ಟಿದ್ದ. ಇಂಗ್ಲಿಷ್ ಪದಗಳನ್ನೇ ತಿರುಚಿದ ಭಾಷೆ ಅದು. ವರ್ಷಗಳ ಕಾಲ ನಡೆದದ್ದು ಜಗತ್ತಿಗೆ ಗೊತ್ತಾದದ್ದು 2020ರಲ್ಲಿ. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ನಿರ್ವಾಹಕರದೇ ಒಂದು ಗುಂಪು ಎರಡನೇ ಮಹಾಯುದ್ಧದ ಇತಿಹಾಸವನ್ನು ತಮಗೆ ಬೇಕಾದಂತೆ ತಿರುಚಿ, ಪ್ರಶ್ನಿಸಿದವರನ್ನು ಹೊರದಬ್ಬುತ್ತಿತ್ತು ಎಂದು ವಿಕಿಮೀಡಿಯ ಫೌಂಡೇಶನ್‌ನ 2021ರ ವರದಿಯೇ ಹೇಳಿತು. ಎರಡೂ ಕಡೆ ಆದದ್ದು ಒಂದೇ. ನೋಡುವವರು ಕಡಿಮೆ ಇದ್ದರು, ಕೇಳುವವರು ಬೇಸತ್ತು ಎದ್ದುಹೋಗಿದ್ದರು.

ನಾನು ಮೊದಲ ದಿನ ಆಡಿದ ಹಾಗೆ ಎಲ್ಲರೂ ಆಡಿದರೆ ಹಾಗೆ ಎದ್ದುಹೋಗುವವರು ಯಾರು? ಸಂಬಳವಿಲ್ಲದೆ, ಊಟವಾದ ಮೇಲೆ ಒಂದು ಗಂಟೆ ಕುಳಿತು ನಮ್ಮಂಥವರ ಪುಟಗಳನ್ನು ಕಾಯುವವರು. ಆ ಎದುರಿನವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಬೇಸತ್ತು ಹೋಗಲಿಲ್ಲ ಎಂಬುದಕ್ಕೇ ನಮ್ಮೂರಿನ ಪುಟ ಇಂದು ಸರಿಯಿದೆ.

ಈಗ ನನ್ನ ವೀಕ್ಷಣಾ ಪಟ್ಟಿಯಲ್ಲಿ ನಮ್ಮ ತಾಲ್ಲೂಕಿನ ಹದಿನೈದು ಪುಟಗಳಿವೆ. ಯಾರಾದರೂ ಏನಾದರೂ ತಿದ್ದಿದರೆ ಗೊತ್ತಾಗುತ್ತದೆ. ಕೆಲವರು ದೇವಸ್ಥಾನಕ್ಕೆ ‘ಎರಡು ಸಾವಿರ ವರ್ಷದ್ದು’ ಎಂದು ಸೇರಿಸುತ್ತಾರೆ. ತೆಗೆಯುವಾಗ ‘ಆಧಾರ ಇದ್ದರೆ ಚರ್ಚೆ ಪುಟದಲ್ಲಿ ತಿಳಿಸಿ, ಹುಡುಕಲು ನಾನೂ ಸಹಾಯ ಮಾಡುತ್ತೇನೆ’ ಎಂದು ಷರಾ ಬರೆಯುತ್ತೇನೆ. ಸಿಟ್ಟಿನ ಉತ್ತರ ಬಂದರೆ ಆವತ್ತು ಏನೂ ಮಾಡುವುದಿಲ್ಲ, ಮಾರನೆಯ ದಿನ ನೋಡುತ್ತೇನೆ. ಗ್ರಂಥಾಲಯದ ನಮ್ಮ ಗುಂಪಿನ ನೋಟ್ಸ್‌ನಲ್ಲಿ ಕುದುರೆಗೆ ಅಡ್ಡಗೆರೆ ಬಿದ್ದಿದೆ. ವಿಕಿಪೀಡಿಯದಿಂದ ಬರೆದುಕೊಳ್ಳುವ ಮುನ್ನ ಕೆಳಗಿನ ಆಕರ ಒತ್ತಿ ನೋಡುವುದು ಈಗ ಆರೂ ಜನರ ಅಭ್ಯಾಸ.

ಊರಿಗೆ ಹೋದಾಗ ಅಜ್ಜಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಂಗಾದ್ರೆ ನನ್ನ ಕಥೆ ಎಲ್ಲೂ ಇಲ್ಲ ಅನ್ನು’ ಅಂದಳು.

‘ಯಾವ ಪುಸ್ತಕದಲ್ಲೂ ಬಂದಿಲ್ಲ ಅಜ್ಜಿ, ಅದಕ್ಕೆ.’

‘ಪುಸ್ತಕ ಓದ್ತಾ ಕೂತಿದೀಯಲ್ಲ ಇಷ್ಟ್ ವರ್ಷದಿಂದ, ಒಂದು ಬರಿ ಮತ್ತೆ.’

ಈಗ ಭಾನುವಾರಗಳಲ್ಲಿ ಅಜ್ಜಿಯದೂ, ಅವಳ ವಾರಗೆಯ ಇನ್ನೂ ಐದಾರು ಮಂದಿಯದೂ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಡುತ್ತಿದ್ದೇನೆ. ಕೆರೆಯ ಕಥೆಯನ್ನೇ ಮೂವರು ಮೂರು ರೀತಿ ಹೇಳಿದ್ದಾರೆ. ಎಂದಾದರೂ ಅಚ್ಚಾದರೆ, ನಮ್ಮೂರಿನ ಪುಟಕ್ಕೆ ಅದನ್ನು ನಾನೇ ಸೇರಿಸುವುದಿಲ್ಲ. ಚರ್ಚೆ ಪುಟದಲ್ಲಿ ಒಂದು ಸಾಲು ಬರೆದು ಕಾಯುತ್ತೇನೆ.